ಮುಗುಳ್ನಗೆ ಎಷ್ಟು ಗ್ರಾಂ?

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಸಂಜೆಯ ಟ್ರಿಪ್ಪಿಗೆ ಹತ್ತುವವರಲ್ಲಿ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಶೆಡ್ಡಿನ ಹೆಂಗಸರು ಇದ್ದೇ ಇರುತ್ತಾರೆ. ಅವರು ಹತ್ತಿದ್ದು ನನಗೆ ಟಿಕೆಟ್ ಮಿಷನ್ನಿನಿಂದ ತಲೆ ಎತ್ತದೆಯೇ ಗೊತ್ತಾಗುತ್ತದೆ. ಬೇಯಿಸಿದ ರೇಷ್ಮೆಗೂಡಿನ ವಾಸನೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಅದು ಸೀರೆ ಬಿಡುವುದಿಲ್ಲ, ಕೂದಲು ಬಿಡುವುದಿಲ್ಲ. ಗೂಡಿನೊಳಗೆ ಬೆಂದ ಹುಳದ್ದು ಅಂತ ಬಿಡಿಸಿ ಹೇಳಿದರೆ ನಿಮಗೂ ಈ ಹೊತ್ತು ಊಟ ಸೇರಲಿಕ್ಕಿಲ್ಲ. ಮೊನ್ನೆ ಅಂಥ ಒಬ್ಬಾಕೆ ಹತ್ತಿ ಕಿಟಕಿ ಪಕ್ಕ ಕೂತರು. ಜೊತೆಯ ಸೀಟಿನಲ್ಲಿದ್ದ ಇಸ್ತ್ರಿ ಸೀರೆಯವರು ಸೆರಗನ್ನು ಮೂಗಿಗೊತ್ತಿಕೊಂಡು ನನ್ನನ್ನು ಗದರಿದರು.

"ಏನಮ್ಮಾ ಕಂಡಕ್ಟರ್, ಇವರನ್ನ ಬೇರೆ ಕಡೆ ಕೂರಿಸ್ರಿ."

"ನಿಮ್ಮದೂ ಸೊನ್ನೆ ಟಿಕೆಟ್ಟು, ಅವರದೂ ಸೊನ್ನೆ ಟಿಕೆಟ್ಟು. ಯಾರು ಏಳಬೇಕು ಅಂತ ನೀವೇ ಹೇಳಿ" ಅಂದೆ. ನನ್ನ ಬಾಯಿ ಜೋರು ಅಂತ ಡಿಪೋದಲ್ಲೂ ಹೆಸರಿದೆ.

ಎಲ್ಲರೂ ಮೂಗು ಮುಚ್ಚಿಕೊಳ್ಳುವ ಆ ವಾಸನೆಯನ್ನು ನಾನು ಮಾತ್ರ ಉಸಿರು ತುಂಬ ಎಳೆದುಕೊಳ್ಳುತ್ತೇನೆ. ನಾನು ಮೊತ್ತಮೊದಲು ಓದಿದ ಕಾದಂಬರಿಗೆ ಅದೇ ವಾಸನೆ ಇತ್ತು. ಇವತ್ತು ನನ್ನ ಟಿಕೆಟ್ ಬ್ಯಾಗಿನಲ್ಲಿ ಸದಾ ಒಂದು ಪುಸ್ತಕ ಇರುತ್ತದೆ, ಬಸ್ಸು ಎಲ್ಲಿ ನಿಂತರೂ ಎರಡು ಪುಟ ಓದುತ್ತೇನೆ, ಡ್ರೈವರುಗಳು ತಮಾಷೆ ಮಾಡುತ್ತಾರೆ. ಮಾಡಲಿ. ಆ ಮೊದಲ ಪುಸ್ತಕ ಓದಿದ ವರ್ಷ ನಮ್ಮ ಮನೆಯಲ್ಲಿ ಒಬ್ಬಳು ಬದುಕುತ್ತಾಳೋ ಇಲ್ಲವೋ ಅಂತ ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ಅದು ಅವರಿಗೆ ಗೊತ್ತಿಲ್ಲ.

ನಾನಾಗ ಏಳನೇ ಕ್ಲಾಸು. ಹನೂರಿನ ಅಂಚಿನಲ್ಲಿ, ಬೆಟ್ಟಕ್ಕೆ ಹೋಗುವ ರಸ್ತೆ ಕಡೆಯ ಸಾಲುಮನೆಗಳಲ್ಲಿ ಕೊನೆಯದು ನಮ್ಮದು. ಅಪ್ಪನದು ಗಾರೆ ಕೆಲಸ, ಅಮ್ಮ ಕೂಲಿಗೆ ಹೋಗುತ್ತಿದ್ದಳು. ಮನೆಯ ಹಿಂದೆ ಯಾರೂ ನೀರು ಸೇದದ ಒಂದು ಕಲ್ಲುಬಾವಿ. ತಾತನ ಕಾಲದಲ್ಲಿ ಗಡಿಯಾಚೆಯಿಂದ ಬಂದವರು ನಾವು. ಮನೆಯೊಳಗೆ ತಮಿಳು, ಬೀದಿಯಲ್ಲಿ ಹನೂರು ಕನ್ನಡ, ಜಗಳಕ್ಕೆ ಎರಡೂ. ಸ್ಕೂಲು ಪುಸ್ತಕದ ಕನ್ನಡ ಮೂರನೆಯ ಭಾಷೆಯ ಹಾಗೆ. ಅದನ್ನು ನಾನು ರಾಗವಾಗಿ, ಎಲ್ಲೂ ತಡವರಿಸದೆ ಓದುತ್ತಿದ್ದೆ. ಅರ್ಥ ಮಾತ್ರ ಕೇಳಬಾರದು.

ನಮ್ಮ ಮನೆಯವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಒಂದು ಪದ ಬಿಟ್ಟು. ಆ ಪದ ನಗೆ. ನಮ್ಮ ಮನೆಮಾತಿನಲ್ಲಿ ನಗೆ ಅಂದರೆ ಒಡವೆ. ಸರ, ಬಳೆ, ಓಲೆ, ಮೂಗುತಿ ಎಲ್ಲವೂ ನಗೆ. ನಗುವುದಕ್ಕೆ ಮನೆಯಲ್ಲಿ ಬೇರೆ ಪದ ಇತ್ತು, ಬೀದಿಯಲ್ಲಾದರೆ ನಗಾಡೋದು ಅನ್ನುತ್ತಿದ್ದೆವು. ಪುಸ್ತಕದವರು ಅದಕ್ಕೆ ನಗೆ ಅನ್ನುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಆ ವರ್ಷ ನಮ್ಮ ಮನೆಯಲ್ಲಿ ಬೆಳಗಿನಿಂದ ಸಂಜೆತನಕ ಕೇಳುತ್ತಿದ್ದುದು ಅದೇ ಪದ. ಅಕ್ಕ ಸೆಲ್ವಿಯನ್ನು ಹಿಂದಿನ ವರ್ಷ ಕೊಳ್ಳೇಗಾಲದಲ್ಲಿದ್ದ ನಮ್ಮ ಮಾತಿನವರಿಗೇ ಕೊಟ್ಟಿದ್ದೆವು. ಮದುವೆಯಲ್ಲಿ ಒಪ್ಪಿಕೊಂಡ ನಗೆ ಪೂರ್ತಿ ಹಾಕಲು ಅಪ್ಪನ ಕೈಲಿ ಆಗಿರಲಿಲ್ಲ. ಹಾಕಿದ್ದು ಕೂಡ ಅಸಲಿ ಅಲ್ಲ, ಕವರಿಂಗು ಅಂತ ಅವಳ ಅತ್ತೆ ಬೀದಿಗೆಲ್ಲ ಕೇಳುವಂತೆ ಅಂದಳಂತೆ. ಅಕ್ಕ ಅಲ್ಲಿ ರೀಲಿಂಗ್ ಶೆಡ್ಡಿಗೆ ಕೆಲಸಕ್ಕೆ ಹೋಗಿ, ಕುದಿನೀರಲ್ಲಿ ಕೈಯಿಟ್ಟು ಗೂಡಿನ ಎಳೆ ಹುಡುಕಿ, ಬಂದ ಕೂಲಿಯನ್ನು ಅತ್ತೆಯ ಕೈಗೇ ಹಾಕುತ್ತಿದ್ದಳು. ಆದರೂ ಗೌರಿಹಬ್ಬದ ಮುಂಚೆ ಒಂದು ದಿನ ಅತ್ತೆ ಅವಳ ಮೂಗುತಿ ಬಿಚ್ಚಿಸಿಕೊಂಡು, ಬಾಕಿ ನಗೆ ತಗೊಂಡು ಬಾ ಅಂತ ಬಸ್ಸು ಹತ್ತಿಸಿದಳು. ನಮ್ಮ ಬೀದಿಯವರು, ಮಗಳು ಹಬ್ಬಕ್ಕೆ ಬಂದಳು ಅಂದುಕೊಂಡರು. ಹಬ್ಬ ಮುಗಿದು ಗಣಪತಿ ನೀರಿಗೆ ಬಿಟ್ಟರೂ ಅಕ್ಕ ಹೋಗಲಿಲ್ಲ.

ಅವಳ ಬೆರಳ ತುದಿಗಳು ನೆಂದು ಬೆಳ್ಳಗೆ ಸುಲಿದಿದ್ದವು. ಬೋಳು ಮೂಗಿನ ತೂತು ಮುಚ್ಚಿಹೋಗದಿರಲಿ ಅಂತ ಅಮ್ಮ ಪೊರಕೆಕಡ್ಡಿಯ ಒಂದು ಚೂರು ಮುರಿದು ಸಿಕ್ಕಿಸಿದಳು. ಇವತ್ತಲ್ಲ ನಾಳೆ ಮತ್ತೆ ಮೂಗುತಿ ಹಾಕಿಕೊಳ್ಳಬೇಕಲ್ಲ. ಅಕ್ಕ ಅದನ್ನೂ ಬೇಡ ಅನ್ನಲಿಲ್ಲ. ಏನನ್ನೂ ಅನ್ನಲಿಲ್ಲ. ಗೋಡೆಗೆ ಒರಗಿ ಕೂತರೆ ಕೂತೇ ಇರುತ್ತಿದ್ದಳು. ತಟ್ಟೆಯಲ್ಲಿಟ್ಟ ಮುದ್ದೆ ಹಾಗೇ ಒಣಗುತ್ತಿತ್ತು.

ಹಿಂಗಾರು ಹಿಡಿಯಿತು. ಮಳೆಗೆ ಗಾರೆ ಕೆಲಸ ನಿಂತಿತು, ಅಪ್ಪ ನಗೆಗಾಗಿ ಅವರಿವರ ಮನೆ ಬಾಗಿಲಿಗೆ ಅಲೆಯುವುದೇ ಕೆಲಸವಾಯಿತು. ಒಂದು ದಿನ ನಾನು ನಲ್ಲಿಯಿಂದ ಕೊಡ ತಂದಾಗ ಅಕ್ಕ ಗೋಡೆಯ ಹತ್ತಿರ ಇರಲಿಲ್ಲ. ಹಿಂದೆ ಹೋಗಿ ನೋಡಿದರೆ ಬಾವಿಯ ಕಟ್ಟೆ ಮೇಲೆ, ಕಾಲು ಒಳಕ್ಕೆ ಇಳಿಬಿಟ್ಟು ಕೂತಿದ್ದಳು. ಕೊಡ ನನ್ನ ಕೈಯಿಂದ ಜಾರಿತು.

"ತಂಪಾಗಿ ಅದೆ ಕಣೆ ವಳ್ಳಿ" ಅಂದಳು, ನೀರು ನೋಡುತ್ತ.

ಸಂಜೆ ಕೂಲಿಯಿಂದ ಬಂದ ಅಮ್ಮ ಅದನ್ನು ಕೇಳಿ ನನ್ನ ಎರಡೂ ತೋಳು ಹಿಡಿದುಕೊಂಡಳು. "ನೀನು ಸ್ಕೂಲ್ಗೆ ಓಗ್ಬ್ಯಾಡ ಕಂದ. ಅಕ್ಕನ್ನ ಬುಟ್ಟು ಅತ್ಲಾಗೆ ಇತ್ಲಾಗೆ ಅಲ್ಲಾಡ್ಬ್ಯಾಡ. ಬಾವಿ ತಾವ ಓದ್ರೆ ಬೀದಿಯೆಲ್ಲ ಕೇಳಂಗೆ ಕಿರುಚ್ಕೊ." ಹನ್ನೆರಡು ವರ್ಷದವಳನ್ನು ಇಪ್ಪತ್ತರವಳ ಪ್ರಾಣಕ್ಕೆ ಕಾವಲು ಹಾಕಿ ಅವಳು ಮಾರನೆ ದಿನ ಕೆಲಸಕ್ಕೆ ಹೋದಳು. ಹೋಗದಿದ್ದರೆ ಒಲೆ ಹಚ್ಚುವ ಹಾಗಿರಲಿಲ್ಲ.

ಆ ದಿನಗಳ ಹೆದರಿಕೆಯನ್ನು ಹೇಗೆ ಹೇಳಲಿ. ಬಚ್ಚಲಿಗೆ ಹೋದರೂ ಬಾಗಿಲು ಹಾಕುತ್ತಿರಲಿಲ್ಲ ನಾನು. ಅಕ್ಕ ಎದ್ದರೆ ಎದ್ದೆ, ಕೂತರೆ ಕೂತೆ. ಮಾತಾಡಿಸಿದರೆ ಉತ್ತರ ಇಲ್ಲ. ಮನೆಯಲ್ಲಿ ಮಳೆಯ ಸದ್ದೊಂದೇ. ಆ ಮೌನಕ್ಕೇ ಹೆದರಿ, ಏನಾದರೂ ದನಿ ಇರಲಿ ಅಂತ, ಒಂದು ಮಧ್ಯಾಹ್ನ ಅಕ್ಕನ ಬ್ಯಾಗಿನಲ್ಲಿದ್ದ ಪುಸ್ತಕ ತೆಗೆದು ಗಟ್ಟಿಯಾಗಿ ಓದತೊಡಗಿದೆ.

ಅದು ಅಕ್ಕನ ಪುಸ್ತಕವಲ್ಲ. ಅಕ್ಕನಿಗೆ ಓದಲು ಬರುತ್ತಿರಲಿಲ್ಲ, ಎರಡನೇ ಕ್ಲಾಸಿಗೇ ಬಿಡಿಸಿದ್ದರು. ಶೆಡ್ಡಿನಲ್ಲಿ ಯಳಂದೂರಿನ ಜಯಮ್ಮ ಅನ್ನುವಾಕೆ ಟೀ ಹೊತ್ತಿನಲ್ಲಿ ಕಾದಂಬರಿ ಓದಿ ಹೇಳುತ್ತಿದ್ದಳಂತೆ. ಗಲಾಟೆಯಲ್ಲಿ ಅಕ್ಕನಿಗೆ ಅರ್ಧ ಕೇಳಿಸಿದರೆ ಅರ್ಧ ಇಲ್ಲ. ಅಕ್ಕ ಊರಿಗೆ ಹೊರಟ ದಿನ ಆ ಜಯಮ್ಮನೇ ಅದನ್ನು ಅವಳ ಬ್ಯಾಗಿಗೆ ತುರುಕಿದ್ದು. ರಟ್ಟು ಹೋಗಿತ್ತು. ಹಾಳೆಗಳು ಗೂಡು ಬೇಯಿಸುವ ಬಾಣಲೆಯ ಆವಿ ಕುಡಿದು ಉಬ್ಬಿ, ಹುಳದ ವಾಸನೆ ಹೊಡೆಯುತ್ತಿದ್ದವು. ಒಳಗೆ ಒಬ್ಬ ಎಂಜಿನಿಯರು, ಒಬ್ಬಳು ಟೀಚರು, ಒಂದು ಬಸ್ ಸ್ಟಾಪು, ಮಳೆ.

ನಾನು ಪಾಠ ಒಪ್ಪಿಸುವ ರಾಗದಲ್ಲಿ ಓದುತ್ತ ಹೋದೆ. "ಅವನು ಅವಳತ್ತ ತಿರುಗಿ ಮುಗುಳ್ನಗೆ ಬೀರಿದ."

ಗೋಡೆ ಕಡೆ ಮುಖ ಮಾಡಿದ್ದ ಅಕ್ಕ ಕತ್ತು ಹೊರಳಿಸಿದಳು.

"ಏನ್ ಮಾಡ್ದ?"

ಎಷ್ಟೋ ದಿನಗಳ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ. ನಾನು ಇನ್ನೊಮ್ಮೆ ಓದಿದೆ.

"ನಗೆನಾ? ಗಂಡ್ಸು ಎಂಗಸ್ಗೆ ನಗೆ ಕೊಟ್ನಾ?"

"ಊಂ. ಇಲ್ಲಿ ಅಂಗೇ ಬರ್ದದೆ."

ಅರ್ಥ ಹೇಳು ಅಂದಳು. ಹೇಳಿದೆ. ಮುಗುಳ್ ಅಂದರೆ ಮೂಗಿಂದು. ಮೂಗಿನ ನಗೆ, ಮೂಗುತಿ. ಬೀರಿದ ಅಂದರೆ ಬೀರುವಿನಿಂದ ತೆಗೆದುಕೊಟ್ಟ. ನನಗೆ ಒಂದು ಚೂರೂ ಅನುಮಾನ ಇರಲಿಲ್ಲ. ನಮ್ಮ ಬೀದಿಯಲ್ಲಿ ಬೀರು ಇದ್ದ ಮನೆ ಒಂದೇ, ಅವರು ಅದರಲ್ಲಿ ನಗೆ ಇಡುತ್ತಾರೆಂಬುದು ಬೀದಿಗೆಲ್ಲ ಗೊತ್ತಿದ್ದ ವಿಷಯ. ನಗೆ ಇದೆ, ಬೀರು ಇದೆ, ಇನ್ನೇನು ಬೇಕು.

ಅಕ್ಕ ತನ್ನ ಮೂಗಿನ ಪೊರಕೆಕಡ್ಡಿ ಮುಟ್ಟಿಕೊಂಡಳು. "ಅವ್ಳು ಕೇಳ್ದೇನೆ ಕೊಟ್ನಾ?"

"ಕೇಳ್ದೇನೆ ಕೊಟ್ಟ."

"ಮುಂದಕ್ಕೆ ಓದು."

ಅವತ್ತಿನಿಂದ ಶುರುವಾಯಿತು. ಎಂಥ ಪುಸ್ತಕ ಅದು! ಪುಟ ತಿರುಗಿಸಿದರೆ ನಗೆ. ಅವಳ ತುಟಿಯ ಮೇಲೆ ಕಿರುನಗೆ ಮಿಂಚಿತು ಅಂತ ಬಂದರೆ ಅದು ಮೂಗಿನಿಂದ ತುಟಿವರೆಗೆ ಇಳಿಬೀಳುವ ಚಿಕ್ಕ ಬುಲಾಕು. ಹೂನಗೆ ಅಂದರೆ ಹೂವಿನ ಡಿಸೈನು. ನಗೆ ಚೆಲ್ಲಿದಳು ಅಂತ ಬಂದಾಗ ಇಬ್ಬರಿಗೂ ಹೊಟ್ಟೆ ಉರಿಯಿತು, ಚೆಲ್ಲುವಷ್ಟು ಇತ್ತಲ್ಲ ಅಂತ. ಆ ಟೀಚರನ್ನು ಮದುವೆಯಾಗಲು ಹವಣಿಸುತ್ತಿದ್ದ ಕೆಟ್ಟವನೊಬ್ಬ ಹುಸಿನಗೆ ಬೀರಿದ. ಹುಸಿ ಅಂದರೆ ಸುಳ್ಳು ಅಂತ ನನಗೆ ಗೊತ್ತಿತ್ತು. "ಕವರಿಂಗು!" ಅಂತ ಅಕ್ಕನೇ ಕೂಗಿದಳು. ಇನಿಯ ಅನ್ನುವುದು ನಮ್ಮಲ್ಲಿ ಸಿಹಿಗೆ ಹೇಳುವ ಮಾತು, ಹಾಗಾಗಿ ಇನಿಯ ಬಂದ ಅಂತ ಇದ್ದಲ್ಲೆಲ್ಲ ಯಾರೋ ಸ್ವೀಟ್ ಬಾಕ್ಸು ತಂದರು ಅಂತ ಅರ್ಥ ಹೇಳಿದೆ. ನಗೆಯ ಜೊತೆಗೆ ಸ್ವೀಟು ಬಂದರೆ ಆಶ್ಚರ್ಯ ಏನು.

ಒಂದು ಕಡೆ, ಅವಳ ಮುಖದ ಮೇಲಿದ್ದ ನಗೆ ಮಾಯವಾಯಿತು ಅಂತ ಓದಿದೆ. ಅಕ್ಕ ಎದ್ದು ಕೂತಳು.

"ಅವ್ರತ್ತೆ ಬಿಚ್ಕೊಂಡ್ಲು" ಅಂದಳು.

ಆ ಟೀಚರಿಗೆ ಅತ್ತೆ ಇರಲಿಲ್ಲ, ಇನ್ನೂ ಮದುವೆಯೇ ಆಗಿರಲಿಲ್ಲ. ಆದರೂ ನಾನು ಊಂ ಅಂದೆ. ನನ್ನ ಕಣ್ಣಿಗೂ ಹಾಗೇ ಕಾಣಿಸಿತು.

ಅಕ್ಕ ಊಟ ಮಾಡತೊಡಗಿದಳು, ಓದುವ ಹೊತ್ತು ಬೇಗ ಬರಲಿ ಅಂತ. ಆಮೇಲೆ ಪುಸ್ತಕದೊಳಕ್ಕೇ ಬಗ್ಗತೊಡಗಿದಳು. "ನಗೆ ಅಂತ ಎಲ್ಲಿ ಬರ್ದದೆ ತೋರ್ಸು." ತೋರಿಸಿದೆ. ಸುಲಿದ ಬೆರಳನ್ನು ಸಾಲಿನ ಕೆಳಗೆ ಎಳೆಯುತ್ತ, ನ ಎಲ್ಲಿ, ಗೆ ಎಲ್ಲಿ ಅಂತ ಒಂದು ಮಧ್ಯಾಹ್ನವೆಲ್ಲ ಹುಡುಕಿದಳು. ಸಿಕ್ಕಿದಾಗೆಲ್ಲ ಉಗುರಿನಿಂದ ಒಂದು ಗೆರೆ. ನಗೆಯ ಅಕ್ಕಪಕ್ಕದ ಅಕ್ಷರ ಯಾವುದು ಅಂತ ಕೇಳಿ ಕೇಳಿ ಅವಳಿಗೆ ಒಂದೊಂದೇ ಅಕ್ಷರ ಹತ್ತಿತು. ನಾನು ಕೂಡ ಓದಲು ಕಲಿತದ್ದು ಆವಾಗಲೇ ಅನ್ನಬೇಕು. ಅಲ್ಲಿಯವರೆಗೆ ಬಾಯಿಗೆ ಬಂದದ್ದು ಈಗ ತಲೆಗೆ ಹೋಗುತ್ತಿತ್ತು. ಅರ್ಧ ತಪ್ಪಾಗಿಯೇ ಹೋಗುತ್ತಿತ್ತು, ಆದರೆ ಮುಂದೇನಾಯಿತು ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಸ್ಕೂಲಿನ ಯಾವ ಪಾಠಕ್ಕೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ.

ಪುಸ್ತಕ ಮುಗಿಯಿತು. ಮಾರನೆ ದಿನ ಓದಲು ಏನೂ ಇಲ್ಲ. ಮೊದಲಿನಿಂದ ಓದುತ್ತೀನಿ ಅಂದರೆ ಬೇಡ ಅಂದಳು. ಮತ್ತೆ ಗೋಡೆ. ಮತ್ತೆ ಒಣಗಿದ ಮುದ್ದೆ. ಸಂಜೆ ಹಿತ್ತಲಿಗೆ ಹೋಗಿ ಬಾವಿಯ ಕಟ್ಟೆಗೆ ಕೈಯೂರಿ ನಿಂತಳು. ನಾನು ಅವಳ ಸೀರೆಯ ಸೆರಗನ್ನು ನನ್ನ ಲಂಗದ ಲಾಡಿಗೆ ಗಂಟು ಹಾಕಿಕೊಂಡು ಪಕ್ಕದಲ್ಲಿ ನಿಂತೆ. ಬಿದ್ದರೆ ಇಬ್ಬರೂ ಬೀಳಲಿ ಅಂತ. ಅಷ್ಟು ಬುದ್ಧಿ ನನ್ನದು.

ಬೆಳಿಗ್ಗೆ ಅಮ್ಮ ಕೆಲಸಕ್ಕೆ ಹೊರಡುವ ಮುಂಚೆ ಬಸ್ ಸ್ಟ್ಯಾಂಡಿಗೆ ಓಡಿದೆ. ಕೊಳ್ಳೇಗಾಲದ ಪ್ರೈವೇಟ್ ಬಸ್ಸಿನ ಕಂಡಕ್ಟರಿಗೆ, ದಪ್ಪ ಮೀಸೆಯವನಿಗೆ, ಕೈಮುಗಿದೆ. "ಸಾ, ರೀಲಿಂಗ್ ಶೆಡ್ಡಿನ ಜಯಮ್ಮ ಅಂತ ನಿಮ್ ಬಸ್ ನಿಲ್ಲೋ ತಾವ ಸಿಕ್ತಾರೆ. ಸೆಲ್ವಿಗೆ ಇನ್ನೊಂದು ಪುಸ್ತಕ ಬೇಕಂತೆ ಅಂತ ಏಳಿ ಸಾ."

"ಇದೇನು ಬಸ್ಸಾ, ಪೋಸ್ಟಾಪೀಸಾ? ಓಗ್ ಓಗು."

ನಾನು ಹೋಗಲಿಲ್ಲ. ಅಲ್ಲೇ ಫುಟ್‌ಬೋರ್ಡ್ ಹಿಡಿದುಕೊಂಡು ಅತ್ತುಬಿಟ್ಟೆ. "ಪುಸ್ತಕ ಬರ್ದಿದ್ರೆ ನಮ್ಮಕ್ಕ ಸತ್ತೋಯ್ತಾಳೆ ಸಾ" ಅಂದೆ. ಇಡೀ ಬಸ್ಸು ನನ್ನನ್ನು ನೋಡಿತು. ಅವನು ಪೀಪಿ ಊದುವುದನ್ನು ಮರೆತು ನಿಂತ. ಅದರ ಮಾರನೆ ದಿನ ಪೇಪರಿನಲ್ಲಿ ಸುತ್ತಿದ ಕಾದಂಬರಿಯೊಂದನ್ನು ಬಸ್ಸಿನಿಂದಲೇ ನನ್ನ ಕೈಗೆ ಎಸೆದ. ಅದು ಓದಿ ವಾಪಸ್ ಕೊಟ್ಟರೆ ಇನ್ನೊಂದು ಬಂತು. ಎಲ್ಲಕ್ಕೂ ಅದೇ ವಾಸನೆ, ಎಲ್ಲದರೊಳಗೂ ಬೇಕಾದಷ್ಟು ನಗೆ. ನಾನು ಕಂಡಕ್ಟರ್ ಕೆಲಸಕ್ಕೇ ಯಾಕೆ ಅರ್ಜಿ ಹಾಕಿದೆ ಅಂತ ಕೇಳುವವರಿಗೆ ನಾನು ಸಂಬಳ ಅಂತ ಹೇಳಿ ಸುಮ್ಮನಾಗುತ್ತೇನೆ.

ಈ ಮಧ್ಯೆ ಅಪ್ಪ ಹೇಗೋ ದಾರಿ ಮಾಡಿದ್ದ. ದೀಪಾವಳಿ ಮುಗಿದ ಮೇಲೆ ಗಂಡಿನ ಕಡೆಯವರು ಬಂದು ಬಾಕಿ ನಗೆ ನೋಡಿ, ಅಕ್ಕನನ್ನು ಕರೆದುಕೊಂಡು ಹೋಗುವುದು ಅಂತ ಮಾತಾಯಿತು. ಒಂದು ಸಂಜೆ ಅಮ್ಮ ಒಲೆ ಮುಂದೆ ಕೂತಿದ್ದಾಗ ನೋಡಿದೆ. ಅವಳ ಓಲೆ ಇರಲಿಲ್ಲ, ಬಳೆ ಇರಲಿಲ್ಲ, ಮೂಗಿನಲ್ಲಿ ಮೂಗುತಿಯ ಜಾಗಕ್ಕೆ ಪೊರಕೆಕಡ್ಡಿ. ತಾಯಿ ಮಗಳು ಇಬ್ಬರ ಮೂಗಿನಲ್ಲೂ ಒಂದೇ ಪೊರಕೆಯ ಕಡ್ಡಿ. ಅಷ್ಟು ಕೊಟ್ಟೂ ಸರದ ತೂಕ ಒಪ್ಪಿದ್ದಕ್ಕಿಂತ ಕಡಿಮೆ ಬೀಳುತ್ತದೆ ಅಂತ ಅಪ್ಪ ತಲೆ ಮೇಲೆ ಕೈಹೊತ್ತು ಕೂತಿದ್ದ. ಅಕ್ಕ ಅದನ್ನೆಲ್ಲ ಕೇಳಿಸಿಕೊಂಡಳು.

ಹಬ್ಬಕ್ಕೆ ಮೊದಲು ಒಂದು ದಿನ ಜಯಮ್ಮ ಬೆಟ್ಟದ ದೇವರಿಗೆ ಹೋಗುವವಳು ದಾರಿಯಲ್ಲಿ ಇಳಿದು ನಮ್ಮ ಮನೆ ಹುಡುಕಿಕೊಂಡು ಬಂದಳು. ದಪ್ಪ ಮೈ, ದೊಡ್ಡ ದನಿ, ಒಳಗೆ ಬಂದ ಕೂಡಲೆ ಮನೆಗೆಲ್ಲ ಶೆಡ್ಡಿನ ವಾಸನೆ. "ಏನಮ್ಮಿ ಸೆಲ್ವಿ, ಎಷ್ಟ್ ಪುಸ್ತಕ ನುಂಗ್ತೀಯೇ ನೀನು? ನಮ್ಗೂ ಒಸಿ ಮಡ್ಗಮ್ಮಿ" ಅಂತ ಅಕ್ಕನ ಬೆನ್ನಿಗೆ ಗುದ್ದಿದಳು. ಅಮ್ಮ ಟೀ ಕೊಟ್ಟಳು. ಅಕ್ಕ ಹೊಸ ಪುಸ್ತಕ ತಂದು, ಉಗುರಿನ ಗೆರೆ ಇದ್ದ ಜಾಗ ತೆಗೆದು ಜಯಮ್ಮನ ತೊಡೆ ಮೇಲಿಟ್ಟಳು.

"ಜಯಕ್ಕಾ, ನಿಂಗೆ ಎಲ್ಲ ಗೊತ್ತು. ಈ ಮುಗುಳ್ನಗೆ ಅಂತಾರಲ್ಲ, ಅದು ಎಷ್ಟು ಗ್ರಾಂ ಬತ್ತದೆ?"

"ಏನು?"

"ಕಮ್ಮಿ ಗ್ರಾಂದಾದ್ರೆ ಅಪ್ಪಂಗೆ ಏಳ್ತೀನಿ. ಸರದ್ ಬದ್ಲು ಅದ್ನೇ ಆಕ್ಲಿ. ಪುಸ್ತಕದಲ್ಲಿ ಎಲ್ರೂ ಅದ್ನೇ ಕೊಡ್ತಾರೆ, ಯಾರೂ ಕಮ್ಮಿಯಾಯ್ತು ಅನ್ನಲ್ಲ."

ಜಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಟೀ ಲೋಟ ಉರುಳಿತು. ನಗುತ್ತ ನಗುತ್ತ ಅಕ್ಕನ ಮುಖ ನೋಡಿದವಳು, ಮೂಗಿನ ಕಡ್ಡಿ ನೋಡಿದವಳು, ತಟ್ಟನೆ ನಿಲ್ಲಿಸಿದಳು.

"ಅಯ್ಯೋ ನನ್ ಕಂದ" ಅಂದಳು. "ಮುಗುಳ್ನಗೆ ಅಂದ್ರೆ ನಗಾಡೋದು ಕಣಮ್ಮಿ. ಸದ್ದಿಲ್ದಂಗೆ ತುಟೀಲಿ ನಗಾಡೋದು. ಒಡವೆ ಅಲ್ಲ."

"ಬೀರಿದ ಅಂದ್ರೆ?" ಅಂತ ಕೇಳಿದವಳು ನಾನು.

"ಅವ್ಳ ಕಡೀಕೆ ನೋಡ್ಕಂಡು ನಗಾಡ್ದ ಅಂತ. ಅಷ್ಟೇಯ."

ಅಕ್ಕ ಪುಸ್ತಕ ಮುಚ್ಚಿದಳು. ಅವಳ ಮುಖದಲ್ಲಿ ಎರಡು ತಿಂಗಳ ಹಿಂದಿನ ಗೋಡೆ ಮತ್ತೆ ಬಂದು ಕೂತದ್ದನ್ನು ನಾನು ನೋಡಿದೆ. ಅಷ್ಟು ದಿನ ಅವಳನ್ನು ಹಿಡಿದು ನಿಲ್ಲಿಸಿದ್ದು ಆ ನಗೆ. ಕೇಳದೆಯೇ ಕೊಡುವ ಗಂಡಸರು ಎಲ್ಲೋ ಒಂದು ಕಡೆ ಇದ್ದಾರೆ ಅನ್ನುವುದು. ಈಗ ಅದೂ ಕವರಿಂಗು ಅಂತಾಯಿತು.

ಅಮ್ಮ ಜಯಮ್ಮನನ್ನು ಬಸ್ಸು ಹತ್ತಿಸಲು ಹೋದಳು. ನಾನು ಉರುಳಿದ ಲೋಟ ಎತ್ತಿಟ್ಟು ತಿರುಗುವುದರಲ್ಲಿ ಅಕ್ಕ ಇರಲಿಲ್ಲ. ಹಿತ್ತಲಿಗೆ ಓಡಿದೆ. ಸೋನೆ ಮಳೆಯಲ್ಲಿ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಕಾಲು ಒಳಕ್ಕೆ. ಕಿರುಚಬೇಕು, ಬಾಯಿ ಬರುತ್ತಿಲ್ಲ. ಹತ್ತಿರ ಹೋದರೆ ಎಲ್ಲಿ ಜಾರಿಬಿಡುತ್ತಾಳೋ ಅಂತ ಕಾಲೂ ಬರುತ್ತಿಲ್ಲ.

"ಅಕ್ಕಾ, ನಂಗೊತ್ತಿರ್ಲಿಲ್ಲ ಕಣಕ್ಕ. ಬಂದ್ಬುಡಕ್ಕ" ಅಂತ ಹೇಗೋ ಅಂದೆ.

ಅವಳು ತಿರುಗಿದಳು. "ಮಾಡಿ ತೋರ್ಸು."

"ಏನು?"

"ಆ ಮುಗುಳ್ನಗೆ. ಎಂಗಿರ್ತದೆ ತೋರ್ಸು."

ನಾನು ಗಳಗಳ ಅಳುತ್ತಿದ್ದೆ. ಮೂಗು ಸುರಿಯುತ್ತಿತ್ತು. ಆದರೂ ತುಟಿಯನ್ನು ಎರಡು ಕಡೆಗೆ ಎಳೆದೆ. ಅದು ಜಾರಿತು, ಮತ್ತೆ ಎಳೆದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಷ್ಟೇನಾ?"

"ಇಷ್ಟೇ ಕಣಕ್ಕ."

"ಇದ್ಕೆ ಯಾವ ಬೀರೂ ಬ್ಯಾಡ" ಅಂದಳು. "ಒಂದ್ ವರ್ಸ ಆ ಮನೇಲಿದ್ದೆ ವಳ್ಳಿ. ಒಂದ್ ದಿನಾನೂ ಇಷ್ಟ್ ಕೊಡ್ಲಿಲ್ಲ ಕಣೆ."

ಆಮೇಲೆ ಅತ್ತಳು. ಬಂದ ದಿನದಿಂದ ಒಂದು ಹನಿ ಹಾಕದವಳು ಎದೆ ಒಡೆದುಹೋಗುವಂತೆ ಅತ್ತಳು. ನಾನು ಅವಳ ಸೊಂಟ ತಬ್ಬಿ ಹಿಂದಕ್ಕೆ ಎಳೆದೆ. ಇಬ್ಬರೂ ಕೆಸರಿಗೆ ಬಿದ್ದೆವು. ಅಳುವುದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ. ಹಬ್ಬ ಕಳೆಯುವವರೆಗೂ ಅವಳ ಸೆರಗಿನ ಗಂಟು ಬಿಚ್ಚಲಿಲ್ಲ.

ಅವರು ಬಂದರು. ಭಾವ ಮಾದೇಶ, ಅವನ ದೊಡ್ಡಪ್ಪ, ಇನ್ನಿಬ್ಬರು ಹಿರಿಯರು. ಚಾಪೆ ಹಾಸಿ ಕೂರಿಸಿದೆವು. ಅಪ್ಪ ತಟ್ಟೆಯಲ್ಲಿ ಎಲೆಅಡಿಕೆ ಇಟ್ಟು, ಗುಲಾಬಿ ಕಾಗದ ಬಿಚ್ಚಿ ನಗೆ ಇಟ್ಟ. ದೊಡ್ಡಪ್ಪ ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡಿದರು. ಸರ ಸ್ವಲ್ಪ ತೆಳ್ಳಗಾಯಿತು ಅಂದರು. ಅಪ್ಪ ಕೈಮುಗಿದ. ಹೋಗಲಿ ಬಿಡು ಅನ್ನುವಂತೆ ಅವರು ಜೇಬಿಗೆ ಕೈಹಾಕಿ ಅಕ್ಕನ ಹಳೇ ಮೂಗುತಿ ತೆಗೆದು ತಟ್ಟೆಯಲ್ಲಿಟ್ಟರು.

"ನಿನ್ದೂ ತಂದಿವ್ನಿ ಕಣವ್ವ. ಆಕ್ಕೊಂಡು ಒರಡು. ಆಗಿದ್ದು ಆಗೋಯ್ತು."

ಅಕ್ಕ ಬಾಗಿಲಲ್ಲಿ ಬಂದು ನಿಂತಳು. ಅಮ್ಮ ಅವಳ ಬ್ಯಾಗು ಕಟ್ಟಿ ಇಟ್ಟಾಗಿತ್ತು.

"ದೊಡ್ಡಪ್ಪಾ, ನಗೆ ಯಾವ್ದೂ ಬ್ಯಾಡ" ಅಂದಳು. "ಅವ್ರು ಒಂದ್ಸಲ ನನ್ನ ನೋಡಿ ನಗಾಡ್ಲಿ. ಬರಿ ಕತ್ತಿನಲ್ಲೇ ಬತ್ತೀನಿ. ಕೂಲಿ ಮಾಡಿ ತಂದಾಕ್ತೀನಿ, ಏನಂದ್ರೂ ಅನ್ನಿಸ್ಕತೀನಿ. ಒಂದೇ ಸಲ."

ಅಮ್ಮ ಬಾಯಿಗೆ ಸೆರಗು ತುರುಕಿಕೊಂಡಳು, ಇವಳಿಗೆ ತಲೆ ಕೆಟ್ಟಿತು ಅಂತ. ಹಿರಿಯರು ಮುಖ ಮುಖ ನೋಡಿಕೊಂಡರು. ದೊಡ್ಡಪ್ಪನೇ ಮೊದಲು ನಕ್ಕಿದ್ದು. "ಇದೇನವ್ವ ಮಕ್ಳಾಟ! ಅದೇನು ದೊಡ್ ಇಸ್ಯ. ಲೇ ಮಾದೇಶ, ನಗಾಡ್ಲಾ ಅತ್ಲಾಗೆ."

ಭಾವ ತುಟಿ ಸವರಿಕೊಂಡ. ದೊಡ್ಡಪ್ಪನನ್ನು ನೋಡಿದ, ತಟ್ಟೆಯನ್ನು ನೋಡಿದ, ಬಾಗಿಲ ಚೌಕಟ್ಟು ನೋಡಿದ. ಅಕ್ಕನನ್ನು ನೋಡಲಿಲ್ಲ. ಕೆಟ್ಟವನು ಅಂತ ನನಗೆ ಆಗ ಅನಿಸಿತ್ತು. ಈಗ ಅನಿಸುವುದೇ ಬೇರೆ, ಅವನಿಗೆ ಎಲ್ಲಿಂದ ತೆಗೆಯಬೇಕು ಅಂತಲೇ ಗೊತ್ತಿರಲಿಲ್ಲ. ಕೊನೆಗೆ ದೊಡ್ಡಪ್ಪನಿಗೆ ಹೇಳಿದ, "ಮೂಗುತಿ ಆಕ್ಕೊಂಡು ಬರಾಕೇಳಿ. ಬಸ್ಗೆ ಒತ್ತಾಯ್ತು."

ಅಕ್ಕ ಸ್ವಲ್ಪ ಹೊತ್ತು ಕಾದಳು. ಆಮೇಲೆ ಮುಂದೆ ಬಂದು ಬಗ್ಗಿ, ಮೂಗಿನಿಂದ ಪೊರಕೆಕಡ್ಡಿ ಕಿತ್ತು ತಟ್ಟೆಯಲ್ಲಿ, ಮೂಗುತಿಯ ಪಕ್ಕದಲ್ಲಿಟ್ಟಳು.

"ಅವ್ರತ್ರ ಇಲ್ಲ, ದೊಡ್ಡಪ್ಪಾ" ಅಂದಳು. ಕೋಪ ಇರಲಿಲ್ಲ ದನಿಯಲ್ಲಿ. "ಇಲ್ದಿರೋರತ್ರ ಕೇಳ್ಬಾರ್ದು."

ಅಪ್ಪ ತಲೆ ಎತ್ತಿ ಅವಳನ್ನು ನೋಡಿದ. ಅಕ್ಕನನ್ನು ಬಿಟ್ಟು ಅವರು ಎದ್ದು ಹೋದ ಮೇಲೆ ಅವನೂ ಎದ್ದು ಹೋಗಿ ಕತ್ತಲಾಗುವವರೆಗೆ ಬರಲಿಲ್ಲ.

ಅಲ್ಲಿಗೆ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಗಂಡನ ನಗು ಕೇಳಿದವಳು ಅಂತ ಬೀದಿಯವರು ವರ್ಷಗಟ್ಟಲೆ ಆಡಿಕೊಂಡರು. ಅಪ್ಪ ತೀರಿಕೊಳ್ಳುವವರೆಗೆ ಅವಳ ಜೊತೆ ಮನಸ್ಸು ಬಿಚ್ಚಿ ಮಾತಾಡಲಿಲ್ಲ. ಭಾವ ಬೇರೆ ಮದುವೆಯಾದ. ಅಕ್ಕ ಮತ್ತೆ ಜಯಮ್ಮನ ಶೆಡ್ಡಿಗೇ ಹೋಗಿ ಸೇರಿ, ಅವಳ ಕಣ್ಣು ಮಂಜಾದ ಮೇಲೆ ಟೀ ಹೊತ್ತಿಗೆ ಓದಿ ಹೇಳುವವಳೂ ಆದಳು. ಅತ್ತು ಎದ್ದ ಅದೆಷ್ಟು ಸಂಜೆಗಳನ್ನು ಅವಳು ಆ ಪುಸ್ತಕಗಳಿಂದ ದಾಟಿದಳೋ ನನಗೆ ಗೊತ್ತು. ಅಂಥ ಕಾದಂಬರಿ ಓದಿ ಹೆಣ್ಣುಮಕ್ಕಳು ಕೆಡುತ್ತಾರೆ ಅಂತ ಬಸ್ಸಿನಲ್ಲಿ ಯಾರಾದರೂ ಭಾಷಣ ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ಪದದ ಅರ್ಥ ತಿಳಿಯದೆ ನಾವು ಬದುಕಿಕೊಂಡೆವು, ತಿಳಿದ ಮೇಲೂ ಬದುಕಿಕೊಂಡೆವು.

ಮೊನ್ನೆ ಆ ಟ್ರಿಪ್ಪು ಮುಗಿಸಿ ಕೊಳ್ಳೇಗಾಲಕ್ಕೆ ವಾಪಸ್ ಬಂದವಳು ಅಕ್ಕನ ರೂಮಿಗೆ ಹೋದೆ. ಅವಳ ಕಣ್ಣಿಗೂ ಈಗ ಪೊರೆ ಬಂದಿದೆ, ಆಪರೇಷನ್ ಆಗುವವರೆಗೆ ನಾನೇ ಓದಬೇಕು. ಗೋಡೆಗೆ ಒರಗಿ ಕಣ್ಣುಮುಚ್ಚಿ ಕೂತಳು. ಓದುತ್ತ ಓದುತ್ತ ಆ ಸಾಲು ಬಂತು, ಬಂದೇ ಬರುತ್ತದಲ್ಲ, ಅವನು ಮುಗುಳ್ನಗೆ ಬೀರಿದ ಅಂತ. ನಾನು ನಿಲ್ಲಿಸಿದೆ. ಅವಳ ಬೆರಳು ಮೂಗಿಗೆ ಹೋಯಿತು. ಆ ತೂತು ಎಂದೋ ಮುಚ್ಚಿಹೋಗಿದೆ.

"ಅಸಲಿನಾ?" ಅಂದಳು.

ಪುಟ ತಿರುವಿ ಮುಂದಿನ ಎರಡು ಸಾಲು ಕಣ್ಣಲ್ಲೇ ಓದಿ ನೋಡಿ ಹೇಳಿದೆ. "ಅಸಲಿ ಕಣಕ್ಕ."

"ಮುಂದಕ್ಕೆ ಓದು."